ಮುದಿ ಕುದುರೆಯ ಯಕೃತ್ತು

ನೇತ್ರಾವತಿ, ಕುಮಾರಧಾರೆಯರು ಕೂಡುವ ನಮ್ಮ ಉಪ್ಪಿನಂಗಡಿಯವರಿಗೆ ಓಟವೆಂದರೆ ಕಂಬಳದ ಕೋಣ; ಕುದುರೆಯ ಚಿಂತೆ ಮೈಸೂರಿನ ಟಾಂಗಾದವನದು. ಇಪ್ಪತ್ತು ವರ್ಷ ದಾಟಿದ ಕುದುರೆ ಮೇವು ಬಿಟ್ಟು, ಅದರ ಕಣ್ಣು ಹಳದಿಯಾದರೆ ಅವನ ಎದೆ ಧಸಕ್ಕೆನ್ನುತ್ತದೆ. ಅವನ ಮನೆಯ ಅನ್ನ ಅದರ ಕಾಲಮೇಲಿದೆಯಷ್ಟೆ.

ಆದರೆ ಹಳದಿಯೊಂದೇ ಸಾಕ್ಷಿಯಲ್ಲ. ಎರಡು ಮೂರು ದಿನ ಉಪವಾಸ ಬಿದ್ದ ಕುದುರೆಯ ಯಕೃತ್ತು, ತಾನು ನೆಟ್ಟಗಿದ್ದರೂ, ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ರಕ್ತದಿಂದ ಸರಿಯಾಗಿ ಎತ್ತಿಕೊಳ್ಳುವುದಿಲ್ಲ. ಮುದಿ ಪ್ರಾಣಿ ಮೇವು ಬಿಟ್ಟಿತೆಂದರೆ ಹಲ್ಲನ್ನೂ ನೋಡಬೇಕು.

ನಿಜವಾದ ಭಯ ಬೇರೆ ಇದೆ. ಯಕೃತ್ತು ಬಹು ಸಹಿಷ್ಣು. ಸುಮಾರು ಮುಕ್ಕಾಲು ಪಾಲು ಕೆಡುವವರೆಗೂ ಹೊರಗೆ ತೋರಗೊಡದು. ಆಮೇಲೆ ಮೈ ಸೊರಗುತ್ತದೆ; ಕುದುರೆ ಪದೇ ಪದೇ ಆಕಳಿಸುತ್ತದೆ, ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ; ಬಿಳಿ ಮಚ್ಚೆಯ ಚರ್ಮ ಬಿಸಿಲಿಗೆ ಹುಣ್ಣಾಗುತ್ತದೆ. ಮೇವಿನಲ್ಲಿ ಸೇರಿದ ಗಿಲಿಗಿಚ್ಚಿ ಜಾತಿಯ ಕೆಲವು ಗಿಡಗಳ ವಿಷ ತಿಂಗಳುಗಟ್ಟಲೆ ತಡೆದೂ ಹೀಗೆ ಮಾಡಬಲ್ಲದು. ಆಸ್ಟ್ರೇಲಿಯದ ಕಿಂಬರ್ಲಿಯಲ್ಲಿ ಇದನ್ನು ತಿಂದ ಕುದುರೆಗಳು ಗುರಿಯಿಲ್ಲದೆ ನಡೆದು ನಡೆದು ಸತ್ತದ್ದುಂಟು.

ಪಶುವೈದ್ಯರು ರಕ್ತದಲ್ಲಿ ಜಿ.ಜಿ.ಟಿ. ಎಂಬ ಕಿಣ್ವವನ್ನು ಅಳೆಯುತ್ತಾರೆ. ಸಂಶಯ ಉಳಿದರೆ ಸೂಜಿಯಿಂದ ಯಕೃತ್ತಿನ ಚೂರು ತೆಗೆದು ಪರೀಕ್ಷಿಸುತ್ತಾರೆ. ಅಲ್ಲಿಯವರೆಗೆ ನೆರಳು, ಒಳ್ಳೆಯ ಹುಲ್ಲು, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಮೇವು. ಬಲ ಬರಲೆಂದು ಹುರುಳಿ ಸುರಿಯುವವರುಂಟು. ಅದರ ಸಸಾರಜನಕದಿಂದ ಹುಟ್ಟುವ ಅಮೋನಿಯವನ್ನು ಕೆಟ್ಟ ಯಕೃತ್ತು ಕಳೆಯಲಾರದು, ಅದು ಮಿದುಳಿಗೇರುತ್ತದೆ.