ಪರಂಗಿಕಾಯಿಯ ದಾಯಾದಿ

ಮಟನ್ ಬೇಗ ಬೇಯಲಿ ಎಂದು ಸಾರಿಗೆ ಎರಡು ಹೋಳು ಹಸಿ ಪರಂಗಿಕಾಯಿ ಹಾಕುವುದುಂಟು. ಕಾಯಿಗೆ ಗೀರು ಬಿದ್ದೊಡನೆ ಒಸರುವ ಬಿಳಿ ಹಾಲಿನಲ್ಲಿ ಪಪೇನ್ ಎಂಬ ಕಿಣ್ವವಿದೆ. ಪ್ರೋಟೀನನ್ನು ತುಂಡರಿಸುವುದೇ ಅದರ ಕಸುಬು. ಇದೇ ಪಪೇನಿನ ಪುಡಿಯನ್ನು ಉಸಿರಾಡಿದ ಕಾರ್ಖಾನೆ ಕೆಲಸಗಾರರಿಗೆ ಆಸ್ತಮಾ ಬರುವುದು ವೈದ್ಯರಿಗೆ ಹಳೆಯ ಸಂಗತಿ.

ಪಪೇನಿನ ದಾಯಾದಿಯೊಂದು ನಮ್ಮ ಹಾಸಿಗೆಯಲ್ಲೂ ಇದೆ. ನಾವು ಉದುರಿಸುವ ಚರ್ಮದ ಹೊಟ್ಟನ್ನು ತಿಂದು ಬದುಕುವ ದೂಳಿನ ನುಸಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುತ್ತದೆ, ಅಷ್ಟೆ. ಅದರ ಹಿಕ್ಕೆಯಲ್ಲಿರುವ ಡೆರ್ ಪಿ 1 ಕೂಡ ಪಪೇನ್ ಕುಲದ ಕಿಣ್ವವೇ. ಕಂಬಳಿ ಕೊಡವಿದಾಗ ಮೂಗಿಗೆ ಏರುವುದು ಇದೇ ಹಿಕ್ಕೆ. 'ನನಗೆ ದೂಳು ಆಗೋದಿಲ್ಲ' ಎನ್ನುವವರಲ್ಲಿ ಅನೇಕರಿಗೆ ಆಗದಿರುವುದು ನಿಜಕ್ಕೂ ಇದು. ಹೇಳಿಕೊಳ್ಳಲು ದೂಳೇ ವಾಸಿ.

ಶ್ವಾಸನಾಳದ ಒಳಪದರದ ಜೀವಕಣಗಳು ಒಂದಕ್ಕೊಂದು ಅಂಟಿಕೊಂಡು ಗೋಡೆಯಂತೆ ನಿಂತಿರುತ್ತವೆ. ಕಿಣ್ವ ಆ ಬೆಸುಗೆಯನ್ನೇ ಕತ್ತರಿಸುತ್ತದೆ. ಪೆಟ್ಟು ತಿಂದ ಕಣಗಳು ಐಎಲ್-33, ಟಿಎಸ್ಎಲ್‌ಪಿ ಎಂಬ ರಾಸಾಯನಿಕ ಕೂಗು ಹಾಕುತ್ತವೆ. ಕೂಗಿಗೆ ಓಗೊಡುವುದು ರೋಗನಿರೋಧಕ ಪಡೆಯ ಕಣ ಐಎಲ್‌ಸಿ-2. ವಿಜ್ಞಾನಿಗಳು ಈ ಕಣವನ್ನು ಸ್ಪಷ್ಟವಾಗಿ ವಿವರಿಸಿದ್ದು 2010ರಲ್ಲಷ್ಟೇ. ಅದೇ ಪಡೆಯ ಟಿ ಮತ್ತು ಬಿ ಕಣಗಳ ಹಾಗೆ ಬಂದವನು ಯಾರು, ಎಲ್ಲಿಯವನು ಎಂದು ಇದು ವಿಚಾರಿಸುವುದಿಲ್ಲ. ಗೋಡೆ ಒಡೆದ ಸದ್ದು ಕೇಳಿಸಿದರೆ ಸಾಕು. ಟಿ, ಬಿ ಕಣಗಳೆರಡೂ ಇಲ್ಲದ ಇಲಿಗಳ ಮೂಗಿಗೆ ಪಪೇನ್ ಹಾಕಿ ನೋಡಿದರು. ಆಗಲೂ ಶ್ವಾಸಕೋಶ ಉರಿಯೂತದಿಂದ ಬಾತಿತು. ಐಎಲ್‌ಸಿ-2 ತೆಗೆದುಹಾಕಿದಾಗ ಮಾತ್ರ ತಣ್ಣಗಾಯಿತು.

ಐಎಲ್‌ಸಿ-2 ಕಳಿಸುವ ಐಎಲ್-13 ಎಂಬ ಸಂಕೇತದಿಂದ ಕಫ ಹೆಚ್ಚುತ್ತದೆ. ಐಎಲ್-5 ಎಲುಬಿನ ಮಜ್ಜೆಯಿಂದ ಬಿಳಿ ರಕ್ತಕಣಗಳಾದ ಇಯೊಸಿನೋಫಿಲ್‌ಗಳ ದಂಡನ್ನೇ ಕರೆಸುತ್ತದೆ. ರಕ್ತಪರೀಕ್ಷೆಯ ಚೀಟಿ ಹಿಡಿದು ನಾವು 'ಇಸ್ನೋಫಿಲಿಯಾ' ಎನ್ನುವುದು ಇದನ್ನೇ. ಕರುಳು ಕೊರೆಯುವ ಹುಳುಗಳ ಮೇಲೆ ಬೀಳಬೇಕಾದ ಈ ದಂಡು, ಹುಳು ಸಿಗದೆ ಶ್ವಾಸನಾಳವನ್ನೇ ಗಾಯಗೊಳಿಸುತ್ತದೆ.

ಹಾಗಾದರೆ ಕಂಬಳಿ ಕೊಡವಿದ ಕ್ಷಣವೇ ಬರುವ ಸೀನು? ಅದು ಮಾಸ್ಟ್ ಕಣದ ಕೆಲಸ. 1878ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಪೌಲ್ ಎರ್ಲಿಕ್, ಹೊಟ್ಟೆತುಂಬ ಹರಳು ತುಂಬಿಕೊಂಡ ಈ ಕಣಗಳನ್ನು ಚೆನ್ನಾಗಿ ಮೇದವು ಎಂದುಕೊಂಡು ಜರ್ಮನ್ನಿನಲ್ಲಿ ಹಾಗೆಯೇ ಹೆಸರಿಟ್ಟ. ಅವು ಮೇದದ್ದಲ್ಲ, ಮದ್ದು ತುಂಬಿಕೊಂಡದ್ದು. ಮೊದಲ ಭೇಟಿಗಳಲ್ಲಿ ತಯಾರಾದ ಐಜಿಇ ಪ್ರತಿಕಾಯಗಳು ಅವುಗಳ ಮೈಮೇಲೆ ಕಾದು ಕೂತಿರುತ್ತವೆ. ನುಸಿಯ ಪ್ರೋಟೀನ್ ಮತ್ತೆ ತಗುಲಿದ ಕೆಲವೇ ನಿಮಿಷಗಳಲ್ಲಿ ಹಿಸ್ಟಮೀನ್ ಹೊರಬೀಳುತ್ತದೆ.

ಸೆಟಿರಿಜಿನ್ ಮಾತ್ರೆ ತಡೆಯುವುದು ಈ ಹಿಸ್ಟಮೀನನ್ನು. ಸೀನು ನಿಂತಿತೆಂದು ನಾವು ಮಲಗುತ್ತೇವೆ. ಇಯೊಸಿನೋಫಿಲ್ ದಂಡು ಬರುವುದು ಕೆಲವು ಗಂಟೆಗಳ ನಂತರ. ಅದಕ್ಕೆ ಬೇಕಾದದ್ದು ಸ್ಟಿರಾಯ್ಡ್ ಇನ್ಹೇಲರ್. ಅದನ್ನು ಕಂಡರೆ ಮಾತ್ರ ನಮ್ಮವರಿಗೆ ಎಲ್ಲಿಲ್ಲದ ಭಯ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಜೆಪೆಲುಮ್ಯಾಬ್ ಚುಚ್ಚುಮದ್ದು ಇನ್ನೂ ಹಿಂದಕ್ಕೆ ಹೋಗಿ ಟಿಎಸ್ಎಲ್‌ಪಿಯ ಕೂಗನ್ನೇ ಅಡಗಿಸುತ್ತದೆ.

ಹಾಸಿಗೆಯನ್ನು ಬಿಸಿಲಿಗೆ ಹಾಕುವುದು ಒಳ್ಳೆಯದೇ, ನುಸಿ ಒಣಗಿ ಸಾಯುತ್ತದೆ. ಹಿಕ್ಕೆ ಅಲ್ಲೇ ಉಳಿಯುತ್ತದೆ. ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ಎರಡೂ ಹೋಗುತ್ತವೆ.