ಅಕ್ಷರದ ದೀಪ ಹಿಡಿದ ತಾಯಿ: ಜಯದೇವಿತಾಯಿ ಲಿಗಾಡೆ



ಕಾಫಿ ಹಣ್ಣಿನ ಕುಯ್ಲಿಗೆ ಬಯಲುಸೀಮೆಯಿಂದ ಕುಟುಂಬಗಳು ಬರುವುದು ನಮ್ಮ ಸದಸ್ಯರಿಗೆ ಹೊಸದಲ್ಲ. ಸಂಜೆ ಮೂಟೆ ತೂಗುವಾಗ ರೈಟರು ಪುಸ್ತಕದಲ್ಲಿ ಕಿಲೋ ಬರೆದುಕೊಳ್ಳುತ್ತಾರೆ. ಕಳೆದ ಕುಯ್ಲಿನಲ್ಲಿ ಒಬ್ಬ ಹೆಣ್ಣುಮಗಳು ತೂಕದ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಎಷ್ಟ್ ಬರದ್ರಿ ಯಣ್ಣಾ? ಒಂದೀಟು ಓದಿ ಹೇಳ್ರಿ" ಎಂದಳು. ಆ ಮಾತಿನ ಧಾಟಿ ನನ್ನ ಊರಿನದು. ನನ್ನ ಊರು ಗದಗ ತಾಲ್ಲೂಕಿನ ಹರ್ತಿ. ಜೋಳ, ಕಡಲೆ, ಹತ್ತಿ ಬೆಳೆಯುವ ಎರೆ ಹೊಲದ ನಾಡು. ಬರೆದದ್ದು ಸರಿಯಾಗಿಯೇ ಇತ್ತು. ಆದರೆ ಸರಿಯಾಗಿದೆ ಎಂದು ತಿಳಿಯಲು ಅವಳಿಗೆ ನಮ್ಮ ಮಾತಿನ ಹೊರತು ಬೇರೆ ದಾರಿ ಇರಲಿಲ್ಲ. ದುಡಿಮೆ ಅವಳದು, ಲೆಕ್ಕ ಮಾತ್ರ ನಮ್ಮದು.

ಅದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ನಮ್ಮ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಸಾಹುಕಾರನ ಬರಹಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ ರೈತ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳಲಿ ಎಂಬುದು ಸಹಕಾರದ ತಿರುಳು. ಅಂದಮೇಲೆ ಓದು ಬರಹ ಬಾರದ ಸಹಕಾರ ಅರ್ಧ ಸಹಕಾರವೇ ಸರಿ. ಈ ಮಾತು ಮನಸ್ಸಿನಲ್ಲಿ ಸುಳಿದಾಗ ಉತ್ತರದ ಗಡಿಯಲ್ಲಿ ಅಕ್ಷರಕ್ಕಾಗಿ ಬದುಕು ಸವೆಸಿದ ಒಬ್ಬ ತಾಯಿಯ ನೆನಪಾಗುತ್ತದೆ. ಅವರೇ ಜಯದೇವಿತಾಯಿ ಲಿಗಾಡೆ.

೧೯೧೨ರಲ್ಲಿ ಸೊಲ್ಲಾಪುರದ ಸ್ಥಿತಿವಂತ ಮನೆತನದಲ್ಲಿ ಅವರ ಜನನ. ಮನೆಮಾತು ಕನ್ನಡ, ಶಾಲೆಯ ಮಾತು ಮರಾಠಿ. ಅವ್ವನ ಜೋಗುಳ, ಸಿದ್ಧರಾಮೇಶ್ವರನ ಜಾತ್ರೆಯ ಹಾಡು ಎಲ್ಲವೂ ಕನ್ನಡದಲ್ಲಿ. ಪಾಟಿಯ ಮೇಲೆ ಮಾತ್ರ ಬೇರೆ ಅಕ್ಷರ. ಆಗಿನ ಪದ್ಧತಿಯಂತೆ ಚಿಕ್ಕ ವಯಸ್ಸಿಗೇ ಮದುವೆಯಾಗಿ ಲಿಗಾಡೆ ಮನೆತನಕ್ಕೆ ಸೊಸೆಯಾಗಿ ಬಂದರು. ಹೀಗೆ, ಒಂದು ಭಾಷೆಯನ್ನು ಚೆನ್ನಾಗಿ ಓದಬಲ್ಲ ಹೆಣ್ಣುಮಗಳು ತನ್ನ ತಾಯ್ನುಡಿಯಲ್ಲಿ ಮಾತ್ರ ನಿರಕ್ಷರಿಯಾಗಿ ಉಳಿದಿದ್ದರು.

ಅವರು ಅಲ್ಲಿಗೇ ನಿಲ್ಲಲಿಲ್ಲ. ಶಾಲೆ ಬಿಟ್ಟ ಮೇಲೆ ಸಂಸಾರದ ನಡುವೆ ಕನ್ನಡ ಅಕ್ಷರ ತಿದ್ದಿದರು. ಬಸವಾದಿ ಶರಣರ ವಚನಗಳನ್ನು ಓದಿದರು. ಮುಂದೆ ಅವನ್ನು ಮರಾಠಿಗೂ ತಂದರು. ವಯಸ್ಕರಿಗೆ ಕಲಿಸಬೇಕೆನ್ನುವವರು ತಾವೇ ದೊಡ್ಡವರಾದ ಮೇಲೆ ಕಲಿತವರಾಗಿದ್ದರೆ ಅವರ ಮಾತಿಗೆ ಬೇರೆಯೇ ತೂಕ. ಅಕ್ಷರ ತಪ್ಪಿದಾಗ ಆಗುವ ನಾಚಿಕೆ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂಬ ಹಿಂಜರಿಕೆ ಏನೆಂದು ಅಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಡುವಯಸ್ಸಿಗೆ ಮುನ್ನವೇ ಪತಿಯನ್ನು ಕಳೆದುಕೊಂಡರು. ಮಕ್ಕಳ ಹೊಣೆ, ಮನೆತನದ ಹೊಣೆ ಎರಡೂ ಅವರ ಮೇಲೆ ಬಿದ್ದವು. ಆಗಿನ ಕಾಲದಲ್ಲಿ ವಿಧವೆ ಹೊಸಿಲು ದಾಟುವುದೇ ದೊಡ್ಡ ಮಾತು. ಇವರು ಮಕ್ಕಳನ್ನು ಸಾಕುತ್ತಲೇ ಹೊಸಿಲು ದಾಟಿದರು, ಸಭೆಯ ವೇದಿಕೆಯನ್ನೂ ಏರಿದರು. ಸೊಲ್ಲಾಪುರದ ಕಡೆ ಕನ್ನಡ ಶಾಲೆಗಳಾಗಬೇಕೆಂದು ಶ್ರಮಿಸಿದರು. ಹೆಣ್ಣುಮಕ್ಕಳ ಓದಿಗಾಗಿ ದುಡಿದರು. ಕರ್ನಾಟಕ ಏಕೀಕರಣದ ಹೋರಾಟದಲ್ಲಿ ಮುಂದೆ ನಿಂತರು. ೧೯೫೬ರಲ್ಲಿ ರಾಜ್ಯ ಒಂದಾದಾಗ ಸೊಲ್ಲಾಪುರ ಹೊರಗೇ ಉಳಿಯಿತು. ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆದರೂ ಮರಾಠಿಯ ಮೇಲೆ ಹಗೆ ಸಾಧಿಸಲಿಲ್ಲ. ಎರಡೂ ಭಾಷೆಗಳಲ್ಲಿ ಬರೆದರು.

ಮರಾಠಿಯಲ್ಲಿ 'ತಾಈ' ಎಂದರೆ ಅಕ್ಕ. ಕನ್ನಡಿಗರ ಬಾಯಲ್ಲಿ ಅದೇ ಸದ್ದು ತಾಯಿಯಾಗುತ್ತದೆ. ಅವರ ಹೆಸರಿಗೆ ಎರಡೂ ಅರ್ಥ ಒಪ್ಪುತ್ತವೆ. ಅವರ ಒಂದು ಕವನ ಸಂಕಲನದ ಹೆಸರೇ 'ತಾಯಿಯ ಪದಗಳು'.

ಅವರ ದೊಡ್ಡ ಕೃತಿ 'ಶ್ರೀ ಸಿದ್ಧರಾಮ ಪುರಾಣ'. ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯನ್ನು ಅವರು ಹಾಡಿದ್ದು ತ್ರಿಪದಿಯಲ್ಲಿ. ಇದನ್ನು ನಾವು ಗಮನಿಸಬೇಕು. ತ್ರಿಪದಿಯೆಂದರೆ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರ ಮಟ್ಟು, ಸರ್ವಜ್ಞನ ಮಟ್ಟು. ಅಕ್ಷರ ಬಾರದ ಅವ್ವಂದಿರೂ ಒಮ್ಮೆ ಕೇಳಿದರೆ ಬಾಯಿಗೆ ತಂದುಕೊಳ್ಳುವ ಮಟ್ಟು. ಕಿವಿಗೆ ಪರಿಚಯವಾದದ್ದು ಕಣ್ಣಿಗೆ ಬೇಗ ಹತ್ತುತ್ತದೆ. ವಯಸ್ಕರ ಶಿಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

೧೯೭೪ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಶಾಲೆಯಲ್ಲಿ ಕನ್ನಡ ಕಲಿಯದ ಹೆಣ್ಣುಮಗಳು ಕನ್ನಡಿಗರ ದೊಡ್ಡ ಸಭೆಗೆ ಹಿರಿಯಳಾದದ್ದು ಸಣ್ಣ ಸಂಗತಿಯಲ್ಲ. ಕೊನೆಯ ವರ್ಷಗಳನ್ನು ಬಸವಣ್ಣನವರ ನೆಲವಾದ ಬಸವಕಲ್ಯಾಣದಲ್ಲಿ ಕಳೆದು, ೧೯೮೬ರಲ್ಲಿ ತೀರಿಕೊಂಡರು.

ಇನ್ನು ನಮ್ಮ ಮಾತು. ೧೯೫೧ರ ಜನಗಣತಿಯಲ್ಲಿ ದೇಶದ ಹೆಂಗಸರಲ್ಲಿ ಓದು ಬಲ್ಲವರು ನೂರಕ್ಕೆ ಒಂಬತ್ತರಷ್ಟು. ೧೯೭೮ರ ಅಕ್ಟೋಬರ್ ೨ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. ೧೯೮೮ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಎರಡೂ ೧೫ರಿಂದ ೩೫ ವಯಸ್ಸಿನವರಿಗೆ. ಆಗ ಮೂವತ್ತೈದು ಮೀರಿದ್ದ ಎಷ್ಟೋ ಅವ್ವಂದಿರು ಹಾಗೆಯೇ ಉಳಿದರು. ೨೦೨೨ರಲ್ಲಿ ಬಂದ ನವಭಾರತ ಸಾಕ್ಷರತಾ ಕಾರ್ಯಕ್ರಮ ೧೫ ದಾಟಿದ ಎಲ್ಲರಿಗೂ ಬಾಗಿಲು ತೆರೆದಿದೆ. ೨೦೧೧ರ ಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇಕಡ ೭೫.೩೬, ಹೆಂಗಸರಲ್ಲಿ ಶೇಕಡ ೬೮ರಷ್ಟು. ಏಳು ವರ್ಷ ಮೀರಿದ ಮೂವರು ಹೆಂಗಸರಲ್ಲಿ ಹೆಚ್ಚುಕಡಿಮೆ ಒಬ್ಬಳಿಗೆ ಅಂದು ಅಕ್ಷರ ಬರುತ್ತಿರಲಿಲ್ಲ. ಆ ಒಬ್ಬಳು ನಮ್ಮ ತೋಟದಲ್ಲೂ ಇದ್ದಾಳೆ, ಅಡಿಕೆ ಸುಲಿಯುವ ಅಂಗಳದಲ್ಲೂ ಇದ್ದಾಳೆ.

ನಾವು ಮಾಡಬಹುದಾದದ್ದು ದೊಡ್ಡದೇನೂ ಅಲ್ಲ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಹತ್ತಾರು ಜನ ಒಂದೆಡೆ ಕೂರುತ್ತಾರೆ. ಕೈ ಕತ್ತಿಯ ಮೇಲಿದ್ದರೂ ಕಿವಿ ಬಿಡುವಾಗಿರುತ್ತದೆ. ಮನೆಯ ಮಕ್ಕಳು ಅರ್ಧ ಗಂಟೆ ಗಟ್ಟಿಯಾಗಿ ಓದಲಿ. ಕೆಲಸ ಕಡಿಮೆ ಇರುವ ಮಳೆಗಾಲದಲ್ಲಿ ಲೈನ್ ಮನೆಗಳಲ್ಲಿ ಪಾಟಿ ಬಳಪ ಬರಲಿ. ಮೊದಲ ಪಾಠ 'ಅ ಆ' ಆಗಬೇಕೆಂದಿಲ್ಲ. ತನ್ನ ಹೆಸರು, ಊರಿನ ಹೆಸರು, ತೂಕದ ಚೀಟಿಯ ಅಂಕಿ, ಮುಂಗಡದ ಬಾಕಿ, ಇವೇ ಮೊದಲ ಪಾಠವಾಗಲಿ. ದೊಡ್ಡವರು ಕಲಿಯುವುದು ನಾಳೆಯ ಪರೀಕ್ಷೆಗಲ್ಲ, ಇವತ್ತಿನ ವ್ಯವಹಾರಕ್ಕೆ. ಕಲಿಸುವವರು ಅವರನ್ನು ಮಕ್ಕಳಂತೆ ಗದರದೆ, ಅಕ್ಕ, ಅವ್ವ ಎಂದು ಮರ್ಯಾದೆಯಿಂದ ಕರೆಯಲಿ.

ಲೆಕ್ಕ ಓದಬಲ್ಲ ಆಳು ಬಂದರೆ ತೊಂದರೆ ಎಂದು ಅಂಜುವವರೂ ನಮ್ಮಲ್ಲಿ ಇರಬಹುದು. ಸರಿಯಾಗಿ ಬರೆದವರಿಗೆ ಅಂಜಿಕೆ ಯಾತಕ್ಕೆ? ತನ್ನ ಚೀಟಿಯನ್ನು ತಾನೇ ಓದಿ ಒಪ್ಪಿದವಳು ಮುಂದಿನ ಕುಯ್ಲಿಗೂ ನಂಬಿಕೆಯಿಂದ ಬರುತ್ತಾಳೆ.

ಮುಂದಿನ ವರ್ಷ ಹರ್ತಿಯ ಕಡೆಯ ಆ ಹೆಣ್ಣುಮಗಳು ಚೀಟಿಯನ್ನು ದೀಪದ ಹತ್ತಿರ ಹಿಡಿದು, "ಇಲ್ಲಿ ಎರಡು ಕಿಲೋ ಕಮ್ಮಿ ಬರದೀರಿ ಯಣ್ಣಾ" ಎಂದರೆ, ಸದಸ್ಯ ಬಂಧುಗಳು ಸಿಟ್ಟಾಗಬಾರದು. ಚೀಟಿ ಇಸಿದುಕೊಂಡು ಮತ್ತೊಮ್ಮೆ ತೂಗಬೇಕು.