ಹನೂರಿನ ಕುರಿಗೆ ಕೊಲ್ಲಿಯ ದಾರಿ ದೂರವೇಕೆ?

ಮಾಂಸ ರಫ್ತಿನಲ್ಲಿ ಭಾರತವು ಜಗತ್ತಿನ ಮುಂಚೂಣಿ ರಾಷ್ಟ್ರಗಳಲ್ಲೊಂದು. ಆದರೆ ಈ ವಹಿವಾಟಿನಲ್ಲಿ ಕುರಿ-ಮೇಕೆಗಳ ಪಾಲು ಅತ್ಯಲ್ಪ. 2022-23ರಲ್ಲಿ ಹೊರದೇಶಗಳಿಗೆ ಹೋದ ಎಮ್ಮೆ ಮಾಂಸ ಸುಮಾರು 11.75 ಲಕ್ಷ ಟನ್. ಕುರಿ ಹಾಗೂ ಮೇಕೆ ಮಾಂಸ ಸುಮಾರು 9,600 ಟನ್ ಮಾತ್ರ. ಗೋಮಾಂಸದ ರಫ್ತಿಗೆ ದೇಶದಲ್ಲಿ ನಿಷೇಧವಿದೆ. 2021ರಲ್ಲಿ ಜಾರಿಗೆ ಬಂದ ರಾಜ್ಯದ ಕಾಯ್ದೆಯು 13 ವರ್ಷದೊಳಗಿನ ಎಮ್ಮೆ-ಕೋಣಗಳ ವಧೆಯನ್ನೂ ತಡೆಯುತ್ತದೆ. ಹೀಗಾಗಿ ಕರ್ನಾಟಕದ ಪಶುಪಾಲಕರಿಗೆ ರಫ್ತಿನ ಆಸೆಯೇನಿದ್ದರೂ ಬಹುಮಟ್ಟಿಗೆ ಕುರಿ-ಮೇಕೆಗಳ ಮೇಲೆಯೇ. 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿರುವ ಕುರಿಗಳು ಸುಮಾರು 1.1 ಕೋಟಿ.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ರೇಷ್ಮೆಗೆ ಹೆಸರಾದರೆ, ಯಳಂದೂರು ಸುವರ್ಣಾವತಿಯ ನೀರುಂಡು ಭತ್ತ ಬೆಳೆಯುವ ಪುಟ್ಟ ತಾಲ್ಲೂಕು. ಹನೂರಿನ ಕಥೆ ಬೇರೆ. ಮಳೆಯನ್ನೇ ನಂಬಿದ ಹೊಲ, ಸುತ್ತ ಕಾಡು. ಬೆಳೆ ಕೈಕೊಟ್ಟ ವರ್ಷ ಸಂಸಾರ ನಡೆಸುವುದು ಹಟ್ಟಿಯ ಕುರಿ-ಮೇಕೆಗಳೇ. ಈ ಕುರಿಗೆ ದುಬೈನ ಬೆಲೆ ಏಕೆ ಸಿಗಬಾರದು?

ಮಾರುಕಟ್ಟೆ ತೆರೆಯಲು ಸರ್ಕಾರ ಪ್ರಯತ್ನಿಸಿಲ್ಲವೆನ್ನಲಾಗದು. ಅಪೇಡಾ ಎಂದೇ ಪರಿಚಿತವಾದ ಕೇಂದ್ರದ ರಫ್ತು ಅಭಿವೃದ್ಧಿ ಪ್ರಾಧಿಕಾರವು 1986ರಿಂದಲೂ ಈ ಕೆಲಸದಲ್ಲಿದೆ. ಸಂಯುಕ್ತ ಅರಬ್ ಸಂಸ್ಥಾನದೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದ 2022ರ ಮೇ 1ರಂದು ಜಾರಿಗೆ ಬಂದಿತು. ಯುಎಇ, ಸೌದಿ ಅರೇಬಿಯಾ ಸೇರಿದಂತೆ 15 ದೇಶಗಳಿಗೆ ಹೋಗುವ ಹಲಾಲ್ ಮಾಂಸಕ್ಕೆ 2024ರ ಅಕ್ಟೋಬರ್‌ನಿಂದ ಭಾರತದ್ದೇ ಆದ ಪ್ರಮಾಣೀಕರಣ ಕಡ್ಡಾಯವಾಗಿದೆ.

ಆದರೆ ಕೊಳ್ಳುವ ದೇಶ ಮೊದಲು ಕೇಳುವುದು ರೋಗದ ವಿಚಾರ. ಕಾಲುಬಾಯಿ ರೋಗ ಇರುವ ದೇಶದ ಮಾಂಸವನ್ನು ಅನೇಕ ಶ್ರೀಮಂತ ರಾಷ್ಟ್ರಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. 2013ರಲ್ಲಿ ಇದೇ ರೋಗ ಕರ್ನಾಟಕದಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಮಥುರಾದಲ್ಲಿ ಚಾಲನೆ ನೀಡಿದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದ ಗುರಿ ಕಾಲುಬಾಯಿ ರೋಗ ಹಾಗೂ ಬ್ರುಸೆಲ್ಲೋಸಿಸ್‌ನ ನಿರ್ಮೂಲನೆ. ಲಸಿಕೆ ಪಡೆದ ಪ್ರಾಣಿಯ ಕಿವಿಗೆ 12 ಅಂಕಿಯ ಓಲೆ ತೊಡಿಸಿ ವಿವರ ದಾಖಲಿಸುವುದು ಅದರ ಕ್ರಮ. ಕುರಿ-ಮೇಕೆಗಳನ್ನು ಕಾಡುವ ಪಿಪಿಆರ್ ರೋಗ ಇನ್ನೊಂದು ತೊಡಕು. 2030ರೊಳಗೆ ಅದನ್ನು ಜಗತ್ತಿನಿಂದಲೇ ತೊಲಗಿಸುವ ಗುರಿಯನ್ನು ಅಂತರರಾಷ್ಟ್ರೀಯ ಸಂಸ್ಥೆಗಳು ಹಾಕಿಕೊಂಡಿವೆ.

ಕಾಗದದ ಮೇಲೆ ಇದು ಸುಲಭ. ಮೇವು ಅರಸಿ ಊರೂರು ದಾಟುವ, ಕಾಡಂಚಿನಲ್ಲಿ ಮೇಯುವ ಮಂದೆಗೆ ಲೆಕ್ಕ ಇಡುವುದು ಅಷ್ಟೇ ಕಷ್ಟ. ಮಲೆ ಮಹದೇಶ್ವರ ವನ್ಯಧಾಮದ ಆಚೆಗೆ ತಮಿಳುನಾಡು. ರೋಗಾಣುವಿಗೆ ರಾಜ್ಯದ ಗಡಿ ತಿಳಿಯದು. ಇದರ ಮೇಲೆ ಸಂತೆಯಲ್ಲಿ ಕುರಿ ಮಾರಾಟವಾಗುವುದು ಹೆಚ್ಚಾಗಿ ಕಣ್ಣಂದಾಜಿನಲ್ಲಿ. ಒಂದೆರಡು ಕೈ ಬದಲಾದರೆ ಅದು ಯಾವ ಹಟ್ಟಿಯದೆಂಬ ಗುರುತೂ ಅಳಿಸಿಹೋಗುತ್ತದೆ. ರಫ್ತಿಗಾದರೋ ಅಪೇಡಾದಲ್ಲಿ ನೋಂದಾಯಿತ ಕಸಾಯಿಖಾನೆಯಲ್ಲಿ, ವಧೆಗೆ ಮುನ್ನ ಹಾಗೂ ನಂತರ ಪಶುವೈದ್ಯರ ತಪಾಸಣೆ ಆಗಲೇಬೇಕು.

ಮೇವಿನ ಪ್ರಶ್ನೆ ಈಗ ಇನ್ನಷ್ಟು ಬಿಗಿಯಾಗಿದೆ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ವಿಷವಿಕ್ಕಿದ ಹಸುವಿನ ಕಳೇಬರ ತಿಂದು ತಾಯಿ ಹುಲಿ ಹಾಗೂ ನಾಲ್ಕು ಮರಿಗಳು ಸತ್ತವು. ಮರುತಿಂಗಳು ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಕಾಡಿನೊಳಗೆ ಜಾನುವಾರು ಮೇಯಿಸುವುದನ್ನು ನಿಷೇಧಿಸಲು ಸೂಚಿಸಿದರು. ಹುಲಿಯ ಉಳಿವಿಗೆ ಇದು ಅಗತ್ಯವೆಂಬುದು ಒಂದು ವಾದ. ಕಾಡನ್ನೇ ನಂಬಿದವರು ಮಂದೆಯನ್ನು ಮಾರಬೇಕಾಗುತ್ತದೆಂಬುದು ಮತ್ತೊಂದು.

ಹೊಳೆಯಾಚೆಯ ಮಳವಳ್ಳಿ ತಾಲ್ಲೂಕು ಬಂಡೂರು ಕುರಿಯ ತವರು. ಮಾಂಸದ ರುಚಿಗೆ ಹೆಸರಾದ ಈ ತಳಿಗೆ ಒಳನಾಡಿನಲ್ಲೇ ಒಳ್ಳೆಯ ಬೆಲೆಯುಂಟು. ತೂಕ, ಲಸಿಕೆಯ ದಾಖಲೆ, ಹಟ್ಟಿಯ ಬಳಿಯೇ ಮೇವು ಇವಿಷ್ಟು ಒದಗಿದರೆ ಹನೂರಿನ ಸಾಕಣೆದಾರನಿಗೂ ವಿಮಾನ ಹತ್ತುವ ಮೊದಲೇ ಬೆಂಗಳೂರು, ಮೈಸೂರುಗಳಲ್ಲಿ ಹೆಚ್ಚಿನ ದರ ಸಿಕ್ಕೀತು. ಸರ್ಕಾರದ ರಫ್ತು ಚರ್ಚೆಗಳಲ್ಲಿ ಈ ಹತ್ತಿರದ ಮಾರುಕಟ್ಟೆಯ ಮಾತು ಬರುವುದು ಕಡಿಮೆ.